ಕಳೆದ ಬಾಂಬಿಗೆ ಕನ್ನಡ ಸಬ್‌ಟೈಟಲ್

ಮೈಕೇಲ್ ಕಕೋಯಾನಿಸ್ 1967ರಲ್ಲಿ ತೆಗೆದ ‘ದಿ ಡೇ ದ ಫಿಶ್ ಕೇಮ್ ಔಟ್’ ಚಿತ್ರಕ್ಕೆ ಕನ್ನಡ ಸಬ್‌ಟೈಟಲ್ ಬರೆಯುವಾಗ ಹೆಚ್ಚು ಹೊತ್ತು ತಿಂದದ್ದು ಅಣುಬಾಂಬಿನ ಪರಿಭಾಷೆಯಲ್ಲ, ನೀನು–ನೀವು. ಅಣ್ವಸ್ತ್ರ ಹೊತ್ತ ವಿಮಾನ ಗ್ರೀಸಿನ ಪುಟ್ಟ ದ್ವೀಪದ ಬಳಿ ಬೀಳುತ್ತದೆ. ಹುಡುಕಲು ಬರುವ ಸೈನಿಕರು ಹೋಟೆಲ್ ಕಟ್ಟುವವರ ವೇಷದಲ್ಲಿರುತ್ತಾರೆ. ಇಂಗ್ಲಿಷಿನ ‘ಯು’ ಆ ವೇಷವನ್ನು ಕಾಪಾಡುತ್ತದೆ. ಕನ್ನಡದಲ್ಲಿ ಕ್ರಿಯಾಪದವೇ ಗುಟ್ಟು ಬಿಟ್ಟುಕೊಡುತ್ತದೆ. ಹಾಗಾಗಿ ಯಾರು ಯಾರಿಗೆ ಹೇಗೆ ಮಾತಾಡುತ್ತಾರೆಂಬ ಪಟ್ಟಿ ಮೊದಲು. ಊರವರ ಎದುರು ಎಲ್ಲರಿಗೂ ಬಹುವಚನ. ತಾವೇ ಇದ್ದಾಗ ಅಧಿಕಾರಿ ‘ಹುಡುಕು’ ಅನ್ನುತ್ತಾನೆ, ಕೆಳಗಿನವರು ‘ಸರ್’ ಅನ್ನುತ್ತಾರೆ. ಚಡ್ಡಿಯಲ್ಲೇ ಅಲೆಯುವ ಪೈಲಟ್, ನ್ಯಾವಿಗೇಟರ್ ನಡುವೆ ಏಕವಚನ ಸಾಕು.

ವಿಮಾನದಲ್ಲಿದ್ದ ಲೋಹದ ಪೆಟ್ಟಿಗೆ ಸಿಗುವುದು ಮೇಕೆ ಕಾಯುವವನಿಗೆ. ಅವನ ಬಾಯಿಗೆ ಮಂಡ್ಯದ್ದೋ ಧಾರವಾಡದ್ದೋ ಮಾತು ಹಾಕಲೇಬಾರದು. ಹಾಕಿದರೆ ನಗು ಅವನ ಬಡತನದ ಮೇಲೆ ಬೀಳುತ್ತದೆ. ವಿಡಂಬನೆ ಇರುವುದು ಪೆಟ್ಟಿಗೆ ಕಳೆದವರ ಮೇಲೆ. ಆ ವಸ್ತುವಿಗೆ ಕೊನೆಯವರೆಗೂ ‘ಪೆಟ್ಟಿಗೆ’ ಎಂಬ ಒಂದೇ ಪದ. ಒಮ್ಮೆ ಡಬ್ಬ, ಒಮ್ಮೆ ಕಂಟೇನರ್ ಎಂದರೆ ಎರಡು ವಸ್ತು ಕಳೆದಂತೆ ಕಾಣುತ್ತದೆ.

ಚಿತ್ರಕ್ಕೆ ಮೊದಲು ಎಂಟು ಸೆಕೆಂಡಿನ ಫಲಕ ಬೇಕು: 1966ರ ಜನವರಿ 17, ಸ್ಪೇನಿನ ಪಾಲೊಮಾರೆಸ್, ಅಮೆರಿಕದ ಬಿ-52 ವಿಮಾನದಿಂದ ಬಿದ್ದ 4 ಹೈಡ್ರೋಜನ್ ಬಾಂಬ್, ಸಮುದ್ರ ಸೇರಿದ ನಾಲ್ಕನೆಯದನ್ನು ಮೇಲೆತ್ತಿದ್ದು ಏಪ್ರಿಲ್ 7ಕ್ಕೆ. ಇದು ಗೊತ್ತಿಲ್ಲದಿದ್ದರೆ ಕಥೆ ಬರೀ ಕಲ್ಪನೆ ಅನಿಸುತ್ತದೆ.

ಇನ್ನು ಅಳತೆ. ಸಬ್‌ಟೈಟಲ್ ತಂತ್ರಾಂಶ ಎಣಿಸುವುದು ಯೂನಿಕೋಡ್ ಸಂಕೇತಗಳನ್ನು, ಅಂದರೆ ವ್ಯಂಜನ, ಒತ್ತು, ಸ್ವರಚಿಹ್ನೆ ಎಲ್ಲವನ್ನೂ ಬೇರೆಬೇರೆಯಾಗಿ. ‘ಸ್ತ್ರೀ’ ನಮಗೆ ಒಂದಕ್ಷರ, ಅದಕ್ಕೆ ಆರು. ಸಾಲು ಉದ್ದವಾಯಿತೆಂಬ ಅದರ ಎಚ್ಚರಿಕೆ ಬಿಟ್ಟು ಅಕ್ಷರ ಎಣಿಸಬೇಕು: ಎರಡೇ ಸಾಲು, ಸಾಲಿಗೆ 22 ಅಕ್ಷರ, ಸೆಕೆಂಡಿಗೆ ಎಂಟು ಮೀರದಂತೆ. ಸಾಲಿನ ಅಂತರ ಹೆಚ್ಚಿಸದಿದ್ದರೆ ಮೇಲಿನ ಒತ್ತಕ್ಷರ ಕೆಳಗಿನ ಗುಡಿಸಿಗೆ ತಾಗುತ್ತದೆ. ಕಡತ ಯೂನಿಕೋಡ್ ಪಠ್ಯ ಉಳಿಸುವ ಯುಟಿಎಫ್-8 ರೂಪದಲ್ಲೇ ಉಳಿಯಲಿ. ಕೆಲವು ಪ್ಲೇಯರ್‌ಗಳಲ್ಲಿ ಒತ್ತು ಬಿಡಿಬಿಡಿಯಾಗುತ್ತದೆ. ಆಗ ಎಫ್ಎಫ್ಎಂಪೆಗ್ ಎಂಬ ವಿಡಿಯೊ ತಂತ್ರಾಂಶದಿಂದ ಅಕ್ಷರಗಳನ್ನು ಚಿತ್ರದೊಳಗೇ ಅಚ್ಚೊತ್ತುವುದು ಒಂದು ದಾರಿ. ಸೆಕೆಂಡಿಗೆ 24 ಫ್ರೇಮಿನ ಪ್ರತಿಗೆ ಕೂರಿಸಿದ ಸಬ್‌ಟೈಟಲನ್ನು 25ರ ಪ್ರತಿಗೆ ಹಾಕಿದರೆ ನೂರು ನಿಮಿಷಕ್ಕೆ ನಾಲ್ಕು ನಿಮಿಷ ತಪ್ಪುತ್ತದೆ, ಪೂರ್ತಿ ಮರುಹೊಂದಿಸಬೇಕು.

ಕೊನೆಯಲ್ಲಿ ಸತ್ತ ಮೀನು ತೇಲುತ್ತಿರುವಾಗ ಪ್ರವಾಸಿಗರು ಕುಣಿಯುತ್ತಾರೆ, ಧ್ವನಿವರ್ಧಕ ಎಚ್ಚರಿಸುತ್ತದೆ. ಅದಕ್ಕೆ ರೈಲು ನಿಲ್ದಾಣದ ‘ದಯವಿಟ್ಟು ಗಮನಿಸಿ’ ಸರಿಯಾಗಿ ಒಪ್ಪುತ್ತದೆ. ದನಿ ಕೇಳಿದಷ್ಟು ಹೊತ್ತೇ ಅಕ್ಷರ ಇರಲಿ, ಸಂಗೀತದಲ್ಲಿ ಮುಳುಗಿದ ಕ್ಷಣ ತೆಗೆಯಿರಿ. ಸಾಲನ್ನು ಪರದೆಯ ಮೇಲ್ತುದಿಗೆ ಸರಿಸಿ. ಕೆಳಗೆ ಇಟ್ಟರೆ ನೀರು ಮುಚ್ಚಿಹೋಗುತ್ತದೆ.