ಎ4 ಹಾಳೆಯಿಂದ ದೂರ ಹಾರುವ ವಿಮಾನ: ನಾನು ಮಡಚುವ ಬಗೆ

ಕಾಗದದ ವಿಮಾನ ದೂರ ಹೋಗಬೇಕಾದರೆ ತೋಳಿನ ಬಲ ಆಮೇಲಿನ ಮಾತು. ಎರಡೂ ರೆಕ್ಕೆ ಒಂದಕ್ಕೊಂದು ಸರಿಸಮ ಇರಬೇಕು, ತೂಕ ಮುಂದೆ ತಕ್ಕ ಜಾಗದಲ್ಲಿ ಕೂತಿರಬೇಕು, ಹಿಂದಿನ ಅಂಚಿನ ಬಾಗು ಎಸೆತದ ವೇಗಕ್ಕೆ ಒಪ್ಪಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಎಷ್ಟು ಜೋರಾಗಿ ಒಗೆದರೂ ಹತ್ತು ಹೆಜ್ಜೆಯಲ್ಲಿ ಸುತ್ತಿ ಬೀಳುತ್ತದೆ.

ದೂರ ಹೋಗುವ ವಿಮಾನಗಳಲ್ಲಿ ಎರಡು ಜಾತಿ. ಒಂದು ಬಾಣದಂಥದು: ಕಿರಿದಾದ ರೆಕ್ಕೆ, ವೇಗವೇ ಅದರ ಬಂಡವಾಳ. 2022ರ ಡಿಸೆಂಬರಿನಲ್ಲಿ ಅಮೆರಿಕದ ಮೂವರು ಎಂಜಿನಿಯರುಗಳು 88.318 ಮೀಟರಿನ ಗಿನ್ನೆಸ್ ದಾಖಲೆ ಮಾಡಿದ್ದು ಈ ಜಾತಿಯಿಂದ. ಇನ್ನೊಂದು ತೇಲುವ ಜಾತಿ. ಕಾಗದದ ವಿಮಾನಗಳ ವಿನ್ಯಾಸಕಾರ ಜಾನ್ ಕಾಲಿನ್ಸ್ ಮಡಚಿ, ಅಮೆರಿಕನ್ ಫುಟ್‌ಬಾಲಿನ ಮಾಜಿ ಆಟಗಾರ ಜೋ ಅಯೂಬ್ ಎಸೆದ ವಿಮಾನ 2012ರಲ್ಲಿ 69.14 ಮೀಟರ್ ಹೋಗಿದ್ದು ಹೀಗೆ ತೇಲಿಕೊಂಡೇ. ಬಾಣಕ್ಕೆ ಪಳಗಿದ ತೋಳು ಬೇಕು. ಶಾಲೆಯ ಹುಡುಗರಿಗೂ ನಮ್ಮಂಥವರಿಗೂ ತೇಲುವುದೇ ವಾಸಿ. ನಾನು ಮಡಚುವುದೂ ಅದನ್ನೇ.

ಮೊದಲು ಹಾಳೆ. ಎ4 ಅಂದರೆ 210 × 297 ಮಿ.ಮೀ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ಎಂಬ ಲೆಕ್ಕ. 80 ಜಿಎಸ್‌ಎಂ ಹಾಳೆ ಸುಮಾರು 5 ಗ್ರಾಂ ತೂಗುತ್ತದೆ, 100 ಜಿಎಸ್‌ಎಂ ಸುಮಾರು 6.2 ಗ್ರಾಂ. ಕಲಿಯುವಾಗ 80 ಸಾಕು. ಜೋರಾಗಿ ಎಸೆಯುವವರ ಕೈಯಲ್ಲಿ ಅದರ ರೆಕ್ಕೆ ಪಟಪಟ ಬಡಿದು ವೇಗ ತಿನ್ನುತ್ತದೆ. ಅವರು 100ಕ್ಕೆ ಹೋಗಬೇಕು. ಝೆರಾಕ್ಸ್ ಯಂತ್ರದಿಂದ ಹೊರಬಂದ ಹಾಳೆ ಬೇಡ, ಬಿಸಿಗೆ ಅದು ಒಂದು ಕಡೆ ಸುರುಳಿಕೊಂಡಿರುತ್ತದೆ. ರಿಮ್ಮಿನಿಂದ ಹಾಳೆ ಎಳೆಯುವಾಗ ಮೇಲಿನ ನಾಲ್ಕಾರನ್ನು ಬಿಟ್ಟು ನಡುವಿನದನ್ನು ತೆಗೆದುಕೊಳ್ಳಿ, ಮೂಲೆ ಮುದುಡಿರುವುದಿಲ್ಲ.

ಕಿರಿದಾದ ಅಂಚು ಮೇಲೆ ಬರುವಂತೆ ಹಾಳೆಯನ್ನು ಉದ್ದಕ್ಕೆ ಇಟ್ಟುಕೊಳ್ಳಿ. ಮೇಲಿನ ಬಲಮೂಲೆಯನ್ನು ಎಡ ಅಂಚಿಗೆ ತಂದು, ಮೇಲಂಚು ಎಡ ಅಂಚಿನ ಮೇಲೆ ಪೂರ್ತಿ ಕೂರುವಂತೆ ಮಡಚಿ, ಗೆರೆ ತೀಡಿ, ಬಿಚ್ಚಿ. ಇನ್ನೊಂದು ಮೂಲೆಗೂ ಹಾಗೆಯೇ. ಈಗ ಗುಣಾಕಾರದ ಚಿಹ್ನೆಯಂತೆ ಎರಡು ಗೆರೆ ಬಿದ್ದಿರುತ್ತವೆ. ಅವು ಪಕ್ಕದ ಅಂಚುಗಳನ್ನು ಮುಟ್ಟುವುದು ಮೇಲಿನಿಂದ 210 ಮಿ.ಮೀ.ಗೆ, ಒಂದನ್ನೊಂದು ದಾಟುವುದು 105ಕ್ಕೆ. ಸ್ಕೇಲ್ ಇಟ್ಟು ನೋಡಿ. ಇಲ್ಲಿ ಒಂದು ಮಿಲಿಮೀಟರ್ ತಪ್ಪಿದ್ದರೆ ಆ ಹಾಳೆಯನ್ನು ರದ್ದಿಗೆ ಹಾಕುವುದೇ ಒಳ್ಳೆಯದು. ಮುಂದಿನ ಮಡಿಕೆಗಳೆಲ್ಲ ಇದೇ ಗೆರೆಗಳ ಮೇಲೆ ನಿಲ್ಲುವುದರಿಂದ ತಪ್ಪು ಬೆಳೆಯುತ್ತಲೇ ಹೋಗುತ್ತದೆ.

ಎರಡನೆಯ ಮಡಿಕೆಗೆ ಬಲ ಅಂಚಿನ ಮೇಲ್ಭಾಗವನ್ನು, ಆ ಅಂಚಿನಲ್ಲೇ ಕೊನೆಗೊಳ್ಳುವ ಓರೆಗೆರೆಯ ಮೇಲೆ ತಂದು ಕೂರಿಸಿ. ಎಡಕ್ಕೂ ಅದನ್ನೇ ಮಾಡಿದರೆ ಎರಡು ಪದರ ನಡುವೆ ಒಂದರ ಮೇಲೊಂದು ಬರುತ್ತವೆ. ಮೇಲೆ ಉಳಿಯುವ ಅಂಚಿನ ಅಗಲ 36 ಮಿ.ಮೀ. ಇರಬೇಕು. ಆಮೇಲೆ ಮೇಲಿನ ಭಾಗವನ್ನು ಗೆರೆಗಳು ದಾಟುವ ಬಿಂದುವಿನಲ್ಲಿ ಅಡ್ಡಕ್ಕೆ ಕೆಳಗೆ ಮಡಚಿ; ಆ ಕಿರಿದಾದ ಅಂಚು ನೇರವಾಗಿ 210ರ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಈಗ ಉಳಿದ ಎರಡು ಮೂಲೆಗಳನ್ನು ಮೊದಲಿನ ಓರೆಗೆರೆಗಳ ಮೇಲೆಯೇ ಒಳಕ್ಕೆ ಮಡಚಿದರೆ ಚೂಪು ಮೂತಿ ಸಿಗುತ್ತದೆ. ಎರಡೂ ಮೂಲೆ ಮೂತಿಯಿಂದ 61–62 ಮಿ.ಮೀ. ಹಿಂದೆ ನಡುಗೆರೆಯ ಮೇಲೆ ಸಂಧಿಸಬೇಕು. ಸಂಧಿಸಿದರೆ ಇಲ್ಲಿಯವರೆಗಿನ ಕೆಲಸ ಸರಿ ಎಂದೇ ಅರ್ಥ. ಒಂದರ ಮೇಲೊಂದು ಏರಿದರೆ, ಇಲ್ಲವೆ ನಡುವೆ ಸಂದಿ ಬಿದ್ದರೆ, ಅಡ್ಡ ಮಡಿಕೆ ಗೆರೆಗಳು ದಾಟುವ ಬಿಂದುವಿನಲ್ಲಿ ಸರಿಯಾಗಿ ಬಿದ್ದಿಲ್ಲ.

ಪದರಗಳು ಹೊರಗೆ ಬರುವಂತೆ ಉದ್ದಕ್ಕೆ ಅರ್ಧ ಮಡಚುವುದು ಎಲ್ಲಕ್ಕಿಂತ ಕಠಿಣ. ಮೂತಿಯ ಬಳಿ ಕಾಗದ ದಪ್ಪವಾಗಿರುತ್ತದೆ. ಅಲ್ಲಿಂದ ಶುರು ಮಾಡಿದರೆ ಒಳಪದರ ಜರುಗಿ ನಡುಗೆರೆ ಓರೆಯಾಗುತ್ತದೆ. ಹಿಂದಿನ ಎರಡು ಮೂಲೆಗಳನ್ನು ಮೊದಲು ಕೂಡಿಸಿ, ಗೆರೆಯನ್ನು ಹಿಂದಿನಿಂದ ಮುಂದಕ್ಕೆ ಉಗುರಿನಿಂದ ಒತ್ತುತ್ತ ಬನ್ನಿ, ಮೂತಿಯನ್ನು ಕಡೆಗೆ ಸ್ಟೀಲ್ ಚಮಚದ ಬೆನ್ನಿನಿಂದ ತೀಡಿ. ಕಿಟಕಿಯ ಬೆಳಕಿಗೆ ಹಿಡಿದರೆ ಎರಡೂ ಬದಿಯ ಪದರಗಳ ನೆರಳು ಒಂದರ ಮೇಲೊಂದು ಕೂತಿದೆಯೋ ಇಲ್ಲವೋ ಗೊತ್ತಾಗುತ್ತದೆ.

ರೆಕ್ಕೆಯ ಗೆರೆ ಕೆಳಗಿನ ಅಂಚಿನಿಂದ 22 ಮಿ.ಮೀ. ಎತ್ತರದಲ್ಲಿ, ಅದಕ್ಕೆ ಸಮಾಂತರವಾಗಿ. ಮುಂದೊಂದು ಹಿಂದೊಂದು ಪೆನ್ಸಿಲ್ ಚುಕ್ಕೆ ಇಟ್ಟು ಮಡಚಿ. ಎರಡನೆಯ ರೆಕ್ಕೆಯನ್ನು ಮೊದಲನೆಯದಕ್ಕೆ ಹೋಲಿಸಿ ಅಂದಾಜಿನಲ್ಲಿ ಮಡಚಬೇಡಿ, ಅದಕ್ಕೂ ಅಳತೆ ಹಿಡಿಯಿರಿ. ಬಿಚ್ಚಿದಾಗ ವಿಮಾನದ ಉದ್ದ 192 ಮಿ.ಮೀ., ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 166. ತೂಕದ ನಡು ಮೂತಿಯಿಂದ 8ರಿಂದ 8.5 ಸೆಂ.ಮೀ. ಹಿಂದೆ ಬರುತ್ತದೆ. ಎರಡು ಪೆನ್ಸಿಲ್ ತುದಿಗಳ ಮೇಲೆ ರೆಕ್ಕೆಗಳನ್ನು ಆ ಜಾಗದಲ್ಲಿ ಆನಿಸಿದರೆ ಸಮತೂಕದಲ್ಲಿ ನಿಲ್ಲಬೇಕು. ಅದಕ್ಕಿಂತ ಹಿಂದೆ ಬಂದಿದ್ದರೆ ಮುಂದಿನ ಮಡಿಕೆಗಳು ಬಿಗಿಯಾಗಿಲ್ಲ. ಅಂಥ ವಿಮಾನ ಎಷ್ಟು ತಿದ್ದಿದರೂ ಅಲೆಯುತ್ತದೆ.

ಹಾರುವಾಗ ರೆಕ್ಕೆಯ ಗೆರೆಯ ಕೆಳಗಿನ ಒಡಲು ಬಾಯಿ ಬಿಟ್ಟರೆ ರೆಕ್ಕೆಗಳು ಜೋಲುತ್ತವೆ. ಅದಕ್ಕೇ ಟೇಪು. ಗಿನ್ನೆಸ್ ನಿಯಮದಲ್ಲಿ 25 × 30 ಮಿ.ಮೀ. ಟೇಪಿಗೆ ಅವಕಾಶವಿದೆ. ಅದನ್ನು ಕಿರಿದಾದ ಪಟ್ಟಿಗಳಾಗಿ ಕತ್ತರಿಸಿ, ಒಂದನ್ನು ತೂಕದ ನಡುವಿನ ಮೇಲೆ ಎರಡೂ ರೆಕ್ಕೆಗೆ ಅಡ್ಡಲಾಗಿ ಹಚ್ಚುತ್ತೇನೆ, ಒಂದನ್ನು ಮೂತಿಯ ಕೆಳಗೆ. ಉಳಿದದ್ದು ಏಳುವ ಪದರಗಳಿಗೆ. ಟೇಪು ಹಚ್ಚುವಾಗ ರೆಕ್ಕೆಯ ತುದಿ ಬುಡಕ್ಕಿಂತ 8–10 ಮಿ.ಮೀ. ಮೇಲಿರಲಿ. ಈ ಏರು ಇದ್ದರೆ ವಾಲಿದ ವಿಮಾನ ತಾನೇ ನೆಟ್ಟಗಾಗುತ್ತದೆ.

ಇನ್ನು ತಿದ್ದುವುದು. ನನ್ನ ಮಟ್ಟಿಗೆ ಅರ್ಧ ದೂರ ಹುಟ್ಟುವುದೇ ಇಲ್ಲಿ. ಭುಜದ ಎತ್ತರದಿಂದ, ಮೂತಿ ಒಂಚೂರು ಕೆಳಗೆ ಮಾಡಿ, ಮೆಲ್ಲಗೆ ತಳ್ಳಿ ಬಿಡಿ. ನೇರ ಕೆಳಗೆ ಇಳಿದರೆ ಎರಡೂ ರೆಕ್ಕೆಯ ಹಿಂದಿನ ಅಂಚನ್ನು, ಒಡಲಿನ ಪಕ್ಕದ 2 ಸೆಂ.ಮೀ. ಭಾಗದಲ್ಲಿ ಮಾತ್ರ, 1 ಮಿ.ಮೀ. ಮೇಲಕ್ಕೆ ಬಾಗಿಸಿ. ಏರಿ, ನಿಂತು, ಮುಗ್ಗರಿಸಿ ಮತ್ತೆ ಏರುತ್ತಿದ್ದರೆ ಬಾಗು ಹೆಚ್ಚಾಗಿದೆ. ಹಿಂದಿನಿಂದ ನೋಡುವಾಗ ಎಡಕ್ಕೆ ತಿರುಗಿದರೆ ಎಡ ರೆಕ್ಕೆಯ ಹಿಂದಿನ ಅಂಚನ್ನು ತುಸು ಕೆಳಗೆ ಮಾಡಿ. ಅಷ್ಟಕ್ಕೂ ಬಗ್ಗದಿದ್ದರೆ ಒಡಲಿನ ಹಿಂತುದಿಯನ್ನು ಬಲಕ್ಕೆ ಬಾಗಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಮಾಡಿದರೆ ಯಾವುದರ ಫಲವೆಂದು ತಿಳಿಯುವುದಿಲ್ಲ.

ಮೆಲ್ಲಗೆ ಬಿಟ್ಟಾಗ ಚಂದ ತೇಲಿದ ವಿಮಾನ ಜೋರಾಗಿ ಒಗೆದಾಗ ನೆಟ್ಟಗೆ ಮೇಲೇರಿ ಹಿಮ್ಮುಖ ಮಗುಚುವುದು ಎಲ್ಲರಿಗೂ ಗೊತ್ತಿರುವ ಕಾಟ. ವೇಗ ಎರಡು ಪಟ್ಟಾದರೆ ಆ ಬಾಗಿನ ಮೇಲೆ ಗಾಳಿಯ ಒತ್ತಡ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ದೂರದ ಎಸೆತಕ್ಕೆ ಬಾಗನ್ನು ಕೂದಲೆಳೆಯಷ್ಟಕ್ಕೆ ಇಳಿಸಿ, ಒಂದೊಂದೇ ಹೆಜ್ಜೆಯಾಗಿ ವೇಗ ಏರಿಸಬೇಕು. ತೂಕದ ನಡುವಿನ ಕೆಳಗೆ ಹೆಬ್ಬೆರಳು ಮತ್ತು ಎರಡು ಬೆರಳಲ್ಲಿ ಹಿಡಿಯಿರಿ. ಬಿಡುವ ಗಳಿಗೆಯಲ್ಲಿ ಮಣಿಕಟ್ಟು ತಿರುಗಬಾರದು, ರೆಕ್ಕೆಗಳು ನೆಲಕ್ಕೆ ಸಮ ಇರಬೇಕು. ಸಭಾಂಗಣದಲ್ಲಿ 10–15 ಡಿಗ್ರಿ ಮೇಲಕ್ಕೆ ಸಾಕು. ಚಾವಣಿ ಎತ್ತರವಿದ್ದು ತೋಳಿಗೆ ಬಲವಿದ್ದರೆ 30 ದಾಟಬಹುದು.

ನಮ್ಮ ಹುಬ್ಬಳ್ಳಿ–ಧಾರವಾಡದ ಹವೆ ಈ ಆಟಕ್ಕೆ ವರ್ಷವಿಡೀ ಒಂದೇ ತೆರನಾಗಿ ಒಲಿಯುವುದಿಲ್ಲ. ಕಾರಹುಣ್ಣಿಮೆಯ ಹೊತ್ತಿಗೆ ಬೀಸುವ ಪಡುಗಾಳಿ ಗಾಳಿಪಟಕ್ಕೆ ಹಬ್ಬ, ಕಾಗದದ ವಿಮಾನಕ್ಕೆ ಆಗದು; ಆಗ ಮೈದಾನದಲ್ಲಿ ಅಳೆದ ದೂರಕ್ಕೆ ಬೆಲೆಯಿಲ್ಲ. ಶಾಲೆಯ ಸಭಾಂಗಣವೋ ಖಾಲಿ ಕಲ್ಯಾಣ ಮಂಟಪವೋ ಸಿಕ್ಕರೆ ಅಲ್ಲೇ ಎಸೆಯಿರಿ, ಫ್ಯಾನ್ ಮಾತ್ರ ಬಂದ್ ಮಾಡಿ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಧಾರವಾಡದ ಗಾಳಿಯ ತೇವವನ್ನೆಲ್ಲ ಹಾಳೆ ಹೀರಿಕೊಳ್ಳುತ್ತದೆ: ಗೆರೆ ಚೂಪಾಗಿ ಬೀಳುವುದಿಲ್ಲ, ನಿನ್ನೆ ತಿದ್ದಿದ ಬಾಗು ಇವತ್ತು ಇರುವುದಿಲ್ಲ. ರಿಮ್ಮನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡಿ, ಮಡಚಿದ ದಿನವೇ ಹಾರಿಸಿ.

ಗೋಡೆಗೆ ಬಡಿದು ಮೂತಿ ಮಣಿದರೆ ಬೆರಳಿನಿಂದ ನೆಟ್ಟಗೆ ಮಾಡಿ, ಚಮಚದಿಂದ ತೀಡಿ, ಮತ್ತೆ ಮೆಲ್ಲನೆಯ ಎಸೆತದಿಂದಲೇ ಪರೀಕ್ಷೆ ಶುರು ಮಾಡಿ. ಎರಡನೆಯ ಸಲ ಅದೇ ಜಾಗದಲ್ಲಿ ಮಣಿದರೆ ಅಲ್ಲಿನ ನಾರು ಸತ್ತಿರುತ್ತದೆ. ಹೊಸ ಹಾಳೆ ತೆಗೆದುಕೊಳ್ಳಿ.