ಎಲೆಗಾಗಿಯೇ ಬೆಳೆಸಿ ರೆಕ್ಸ್ ಬಿಗೋನಿಯಾ

ಬೆಳ್ಳಿ, ನೇರಳೆ, ಕಡುಗೆಂಪು, ಹಸಿರು ಎಲ್ಲವೂ ಒಂದೇ ಎಲೆಯಲ್ಲಿ! ರೆಕ್ಸ್ ಬಿಗೋನಿಯಾ ಮನೆಯಲ್ಲಿದ್ದರೆ ಹೂವಿಗಾಗಿ ಕಾಯಬೇಕಿಲ್ಲ. ‘ಎಸ್ಕಾರ್ಗೋ’ ತಳಿಯ ಎಲೆಯಂತೂ ಬಸವನಹುಳದ ಚಿಪ್ಪಿನ ಹಾಗೆ ಸುರುಳಿ ಸುತ್ತಿರುತ್ತದೆ.

ಇದರ ಮೂಲ ಗಿಡ ನಮ್ಮ ಈಶಾನ್ಯ ಭಾರತದ ಕಾಡಿನದು. ಸಸ್ಯಶಾಸ್ತ್ರದ ಹೆಸರು ಸಿಕ್ಕಿದ್ದು 1857ರಲ್ಲಿ. ಮರದ ನೆರಳು, ತೇವದ ಗಾಳಿ, ಎಲೆ ಕೊಳೆತ ಸಡಿಲ ಮಣ್ಣು ಇದಕ್ಕೆ ಇಷ್ಟ. ಮನೆಯಲ್ಲೂ ಅದನ್ನೇ ಕೊಡಬೇಕು.

ಬೇರು ಆಳಕ್ಕೆ ಇಳಿಯುವುದಿಲ್ಲ. ಹಾಗಾಗಿ ಅಗಲವಾದ, ಆಳ ಕಡಿಮೆ ಇರುವ ಕುಂಡ ಸಾಕು. ತಳದಲ್ಲಿ ತೂತು ಇರಲೇಬೇಕು. ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎಲೆಗೊಬ್ಬರ, ಪರ್ಲೈಟ್ (ಮಣ್ಣು ಸಡಿಲವಾಗಿಸುವ ಹಗುರ ಬಿಳಿ ಹರಳು) ಅಥವಾ ದಪ್ಪ ಮರಳು ಸೇರಿಸಿ ತುಂಬಿ. ನೆಲದ ಮೇಲೆ ಹರಿಯುವ ದಪ್ಪ ಕಾಂಡವನ್ನು ಮಣ್ಣಿನಲ್ಲಿ ಹೂಳಬೇಡಿ, ಕೊಳೆಯುತ್ತದೆ.

ಬೆಳಗಿನ ಎಳೆ ಬಿಸಿಲು ಬೀಳುವ ಪೂರ್ವದ ಕಿಟಕಿ ಒಳ್ಳೆಯದು. ಮಧ್ಯಾಹ್ನದ ಬಿಸಿಲಿಗೆ ಎಲೆ ಸುಟ್ಟುಹೋಗುತ್ತದೆ. ತೀರಾ ಕತ್ತಲಾದರೆ ಬಣ್ಣ ಮಂಕಾಗುತ್ತದೆ.

ಈ ಗಿಡ ಜಾಸ್ತಿ ಸಾಯುವುದು ನೀರು ಹೆಚ್ಚಾಗಿ. ಬೆರಳು ಇಳಿಸಿ ನೋಡಿ, ಮೇಲಿನ ಒಂದು ಇಂಚು ಒಣಗಿದ್ದರೆ ಮಾತ್ರ ನೀರು ಹಾಕಿ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ. ಎಲೆಯ ಮೇಲೆ ಸಿಂಪಡಿಸುವ ಅಭ್ಯಾಸ ಬೇಡ. ಗಾಳಿಯಾಡದ ಕಡೆ ಬಿಳಿ ಪುಡಿಯಂತೆ ಬೂದಿ ರೋಗ ಬರುತ್ತದೆ. ಅಂಥ ಎಲೆಯನ್ನು ಕೂಡಲೇ ಕಿತ್ತುಹಾಕಿ, ಕುಂಡಗಳನ್ನು ದೂರ ದೂರ ಇಡಿ. ಒಳಗಿನ ಗಾಳಿ ಒಣಗಿದ್ದರೆ ತಟ್ಟೆಗೆ ಕಲ್ಲು, ನೀರು ಹಾಕಿ ಅದರ ಮೇಲೆ ಕುಂಡ ಇಡಿ. ಕುಂಡದ ತಳಕ್ಕೆ ಮಾತ್ರ ನೀರು ತಾಗಬಾರದು.

ಇನ್ನು ನಿಜವಾದ ಖುಷಿ ಎಲೆಯಿಂದ ಸಸಿ ಮಾಡುವುದರಲ್ಲಿದೆ. ಬಲಿತ, ರೋಗವಿಲ್ಲದ ಎಲೆ ಆರಿಸಿ, ತೊಟ್ಟನ್ನು ಕತ್ತರಿಸಿ. ಎಲೆಯನ್ನು ಬೋರಲು ಹಾಕಿ, ಹಿಂಬದಿಯ ದಪ್ಪ ನರಗಳನ್ನು ಚೂಪಾದ ಬ್ಲೇಡಿನಿಂದ ಅಲ್ಲಲ್ಲಿ ಅಡ್ಡ ಕೊಯ್ಯಿರಿ. ಈಗ ಮೇಲ್ಮುಖ ಮಾಡಿ ಒದ್ದೆ ಕೋಕೋಪೀಟ್ ಮೇಲೆ ಹಾಸಿ. ಕೊಯ್ದ ಜಾಗ ಪೀಟಿಗೆ ತಾಗಿರಲೇಬೇಕು, ಇಲ್ಲದಿದ್ದರೆ ಬೇರು ಬರುವುದಿಲ್ಲ. ಸಣ್ಣ ಕಲ್ಲು ಹೇರಿದರೂ ಸರಿ, ತಂತಿಯ ಪಿನ್ನು ಚುಚ್ಚಿದರೂ ಸರಿ. ಪಾರದರ್ಶಕ ಡಬ್ಬಿಯಿಂದ ಮುಚ್ಚಿ, ನೆರಳಿನ ಬೆಳಕಿನಲ್ಲಿಡಿ. ದಿನಕ್ಕೊಮ್ಮೆ ತೆರೆದು ಗಾಳಿ ಆಡಲು ಬಿಡಿ.

ಕೆಲವು ವಾರಗಳಲ್ಲಿ ಪ್ರತಿ ಕೊಯ್ತದಲ್ಲೂ ಬೇರು, ಆಮೇಲೆ ಪುಟ್ಟ ಎಲೆ ಕಾಣಬಹುದು. ಅವಸರದಲ್ಲಿ ಸುಮ್ನೆ ಎಳೆದು ನೋಡಬೇಡಿ. ಎರಡು ಮೂರು ಎಲೆ ಬಂದ ಮೇಲೆ ಬಿಡಿಸಿ ನೆಡಿ. ಡಬ್ಬಿಯನ್ನು ಒಂದೇ ದಿನ ತೆಗೆಯದೆ, ವಾರವಿಡೀ ದಿನಾ ಸ್ವಲ್ಪ ಹೆಚ್ಚು ಹೊತ್ತು ತೆರೆದಿಟ್ಟು ಸಸಿಗೆ ಹೊರಗಿನ ಗಾಳಿ ಅಭ್ಯಾಸ ಮಾಡಿಸಿ.