ಕ್ರಿಸ್‌ಮಸ್ ರಜೆಯ ಮೇಜಿಗೆ ನಾನು ವೈನ್ ಆರಿಸುವ ಬಗೆ

ಕ್ರಿಸ್‌ಮಸ್ ರಜೆಯಲ್ಲಿ ಮನೆಗೆ ಬಂದು ಸೇರುವ ಬಂಧುಗಳಿಗೂ ಸ್ನೇಹಿತರಿಗೂ ವೈನ್ ಆರಿಸಿ, ತಣಿಸಿ, ಬಡಿಸುವ ಹೊಣೆ ಹಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಯಾರು ಬರುತ್ತಾರೆ, ಯಾವ ಹೊತ್ತಿಗೆ ಬರುತ್ತಾರೆ, ಎಷ್ಟು ಹೊತ್ತು ಕೂರುತ್ತಾರೆ ಎಂಬುದು ಗೊತ್ತಾದ ಮೇಲಷ್ಟೇ ನಾನು ಬಾಟಲಿಗಳ ಕಡೆ ಗಮನ ಹರಿಸುತ್ತೇನೆ. ಹಬ್ಬದ ಊಟ ಮಧ್ಯಾಹ್ನ ಶುರುವಾದರೆ ಸಂಜೆಯವರೆಗೂ ನಡೆಯುತ್ತದೆ. ಮೇಜಿನ ಮೇಲೆ ಉಪ್ಪು, ಸಿಹಿ, ಕೊಬ್ಬು ಎಲ್ಲವೂ ಒಟ್ಟಿಗೇ ಇರುತ್ತವೆ. ಎಲ್ಲರೂ ಒಂದೇ ಸಲಕ್ಕೆ ಮಾತಾಡುತ್ತಿರುತ್ತಾರೆ, ನಡುವೆ ಮಕ್ಕಳ ಓಡಾಟ ಬೇರೆ. ಇಂಥ ಗದ್ದಲದಲ್ಲಿ ಸೂಕ್ಷ್ಮವಾದ ಹಳೆಯ ವೈನೊಂದನ್ನು ತೆರೆದರೆ ಅದರ ಪರಿಮಳ ಯಾರ ಅರಿವಿಗೂ ಬಾರದೆ ಹೋಗುತ್ತದೆ. ಆದ್ದರಿಂದ ಬಾಟಲಿಗಳನ್ನು ಮೊದಲೇ ಎರಡು ಪಾಲು ಮಾಡಿಡುತ್ತೇನೆ. ತುಂಬಿದ ಮೇಜಿಗೆ ಹುಳಿ ಚುರುಕಾಗಿರುವ, ಒಗರು ಕಡಿಮೆಯಿರುವ, ಮದ್ಯಸಾರ ಹಿತಮಿತವಾಗಿರುವ ವೈನುಗಳು. ಹಬ್ಬದ ಮರುದಿನ ಉಳಿದುಕೊಂಡ ಮೂರು ನಾಲ್ಕು ಮಂದಿಗೆ ಕಾದಿಟ್ಟ ಬಾಟಲಿ.

ಲೆಕ್ಕ ಸರಳವಾದದ್ದು. 750 ಮಿಲಿಲೀಟರಿನ ಒಂದು ಬಾಟಲಿಯಿಂದ 125 ಮಿಲಿಲೀಟರಿನ ಆರು ಲೋಟ ಸಿಗುತ್ತವೆ. ದೀರ್ಘವಾದ ಊಟಕ್ಕೆ, ಕುಡಿಯುವ ಒಬ್ಬೊಬ್ಬರಿಗೆ ಅರ್ಧ ಬಾಟಲಿ ಎಂದು ಹಿಡಿದು, ಮೇಲೊಂದನ್ನು ಕೈಗಾವಲಿಗೆ ಇಟ್ಟುಕೊಂಡರೆ ನನಗೆ ಸಾಕಾಗುತ್ತದೆ. ಮೇಜಿನ ಎರಡೂ ತುದಿಗಳಲ್ಲಿ ನೀರಿನ ಹೂಜಿ ಇರಲೇಬೇಕು. ಕುಡಿಯದವರಿಗೂ ವಾಹನ ಓಡಿಸಬೇಕಾದವರಿಗೂ ಅದೇ ಬಗೆಯ ಲೋಟದಲ್ಲಿ ಗುಳ್ಳೆಯೇಳುವ ದ್ರಾಕ್ಷಿರಸವನ್ನು ಕೊಡುತ್ತೇನೆ. ಆಗ ಯಾರು ಏನು ಕುಡಿಯುತ್ತಿದ್ದಾರೆ ಎಂಬ ವಿಚಾರಣೆಗೆ ಅವಕಾಶವೇ ಇರುವುದಿಲ್ಲ.

ಬಂದವರ ಕೈಗೆ ಮೊದಲು ಕೊಡುವುದು ನೊರೆವೈನ್. ಇದಕ್ಕೆ ಸಂಭ್ರಮವೊಂದೇ ಕಾರಣವಲ್ಲ. ಅದರ ಹುಳಿ ಮತ್ತು ಗುಳ್ಳೆಗಳು ನಾಲಗೆಯನ್ನು ತೊಳೆದು ಹಸಿವನ್ನು ಕೆರಳಿಸುತ್ತವೆ, ಉಪ್ಪಿನ ತಿನಿಸುಗಳ ಜೊತೆ ಅದರಷ್ಟು ಚೆನ್ನಾಗಿ ಹೊಂದುವ ವೈನ್ ಇನ್ನೊಂದಿಲ್ಲ. ಫ್ರಾನ್ಸಿನ ಶಾಂಪೇನ್ ಪ್ರದೇಶದಲ್ಲಿ ಮುಖ್ಯವಾಗಿ ಶಾರ್ಡನೇ, ಪಿನೋ ನ್ವಾರ್, ಮ್ಯುನಿಯೇ ಎಂಬ ಮೂರು ದ್ರಾಕ್ಷಿಗಳಿಂದ ವೈನ್ ಮಾಡಿ, ಅದಕ್ಕೆ ಸಕ್ಕರೆ ಮತ್ತು ಯೀಸ್ಟ್ ಸೇರಿಸಿ ಬಾಟಲಿಯೊಳಗೇ ಎರಡನೆಯ ಬಾರಿ ಹುದುಗಿಸುತ್ತಾರೆ. ಹೊರಹೋಗಲು ದಾರಿಯಿಲ್ಲದ ಅನಿಲ ವೈನಿನಲ್ಲೇ ಕರಗಿ ಉಳಿಯುತ್ತದೆ. ವರ್ಷ ನಮೂದಿಸದ ಶಾಂಪೇನ್ ಕನಿಷ್ಠ 15 ತಿಂಗಳು, ವರ್ಷ ನಮೂದಿಸಿದ್ದು ಕನಿಷ್ಠ 3 ವರ್ಷ ನೆಲಮಾಳಿಗೆಯಲ್ಲಿ ಇರಬೇಕೆಂಬುದು ಅಲ್ಲಿಯ ನಿಯಮ. ಸತ್ತ ಯೀಸ್ಟಿನ ಗಸಿಯ ಮೇಲೆ ಕಳೆದ ಈ ಕಾಲದಿಂದಲೇ ಅದಕ್ಕೆ ಸುಟ್ಟ ಬ್ರೆಡ್ಡಿನ ವಾಸನೆ ಬರುತ್ತದೆ. ಇದನ್ನೆಲ್ಲ ಕಂಡುಹಿಡಿದವನು ದೊಂ ಪೆರಿಞೋನ್ ಎಂಬ ಸನ್ಯಾಸಿ ಎಂದು ಪ್ರತಿ ವರ್ಷವೂ ಯಾರಾದರೊಬ್ಬರು ಹೇಳುತ್ತಾರೆ. ಆತ ಅದನ್ನು ಕಂಡುಹಿಡಿದವನಲ್ಲ. ಸಕ್ಕರೆ ಸೇರಿಸಿ ವೈನನ್ನು ನೊರೆಯೇಳಿಸುವ ಪದ್ಧತಿಯನ್ನು ಕ್ರಿಸ್ಟಫರ್ ಮೆರೆಟ್ ಎಂಬಾತ 1662ರ ಡಿಸೆಂಬರ್ ತಿಂಗಳಲ್ಲೇ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ವಿವರಿಸಿದ್ದ. ತಿಂಗಳು ಹೊಂದಿಕೊಂಡಿರುವುದರಿಂದ ಈ ಮಾತನ್ನು ಮೇಜಿನ ಬಳಿ ಹೇಳದೆ ಇರಲು ನನ್ನಿಂದ ಆಗುವುದಿಲ್ಲ.

ಹೆಚ್ಚು ಮಂದಿ ಇರುವಾಗ ಎಲ್ಲ ಬಾಟಲಿಗಳೂ ಶಾಂಪೇನೇ ಆಗಬೇಕಿಲ್ಲ. ಸ್ಪೇನಿನ ಕಾವಾ ವೈನನ್ನೂ ಬಾಟಲಿಯೊಳಗೇ ಹುದುಗಿಸುತ್ತಾರೆ, ಅದು ಕನಿಷ್ಠ 9 ತಿಂಗಳು ಗಸಿಯ ಮೇಲಿರುತ್ತದೆ. ಊಟದ ಮೊದಲಿಗೆ ನಾನು ಹೆಚ್ಚಾಗಿ ತರುವುದು ಅದನ್ನೇ. ಇಟಲಿಯ ಪ್ರೊಸೆಕ್ಕೊ ಬಹುಮಟ್ಟಿಗೆ ದೊಡ್ಡ ತೊಟ್ಟಿಯಲ್ಲಿ ಹುದುಗುವುದರಿಂದ ಅದರಲ್ಲಿ ಯೀಸ್ಟಿನ ವಾಸನೆಗಿಂತ ಹಣ್ಣಿನ ವಾಸನೆ ಮುಂದಾಗಿರುತ್ತದೆ. ಕೊಳ್ಳುವಾಗ ಒಂದು ಮಾತನ್ನು ಮಾತ್ರ ಗಮನದಲ್ಲಿಡಬೇಕು: ವೈನಿನ ಮಾತಿನಲ್ಲಿ ‘ಡ್ರೈ’ ಎಂದರೆ ಸಿಹಿಯಿಲ್ಲದ್ದು, ಆದರೂ ‘ಎಕ್ಸ್‌ಟ್ರಾ ಡ್ರೈ’ ಎಂದು ಬರೆದಿರುವ ವೈನ್ ‘ಬ್ರೂಟ್’ ಎಂದು ಬರೆದಿರುವುದಕ್ಕಿಂತ ಸಿಹಿ. ಬ್ರೂಟ್‌ನಲ್ಲಿ ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ ಇರುತ್ತದೆ, ಎಕ್ಸ್‌ಟ್ರಾ ಡ್ರೈಯಲ್ಲಿ 12ರಿಂದ 17 ಗ್ರಾಂ. ಈ ಹೆಸರಿಟ್ಟವರು ಕೊಳ್ಳುವವರನ್ನು ನೆನೆದಂತೆ ಕಾಣುವುದಿಲ್ಲ.

ನೊರೆವೈನಿನ ಬಾಟಲಿ ತೆರೆಯುವ ಕೆಲಸವನ್ನು ಉತ್ಸಾಹಿ ಹುಡುಗರ ಕೈಗೆ ಕೊಡುವುದಿಲ್ಲ. ಒಳಗೆ ಐದಾರು ವಾಯುಮಂಡಲಗಳಷ್ಟು ಒತ್ತಡವಿರುತ್ತದೆ, ಅಂದರೆ ಕಾರಿನ ಚಕ್ರದೊಳಗಿನ ಒತ್ತಡದ ಎರಡು ಪಟ್ಟಿಗೂ ಮಿಕ್ಕು. ಬಾಟಲಿ ಚೆನ್ನಾಗಿ ತಣಿದಿದ್ದರೆ ಅರ್ಧ ಕೆಲಸ ಮುಗಿದಂತೆ. ತಂತಿಯ ಕಿವಿಯನ್ನು ಆರು ಅರ್ಧಸುತ್ತು ತಿರುಗಿಸಿ ಸಡಿಲಿಸುತ್ತೇನೆ, ಆದರೆ ತಂತಿಯನ್ನು ಕಳಚುವುದಿಲ್ಲ. ಅದರ ಮೇಲೊಂದು ಬಟ್ಟೆ ಹೊದಿಸಿ ಹೆಬ್ಬೆರಳಿನಿಂದ ಒತ್ತಿ ಹಿಡಿಯುತ್ತೇನೆ. ಬಾಟಲಿಯನ್ನು ಯಾರ ಕಡೆಗೂ ಮುಖ ಮಾಡದಂತೆ ಓರೆಯಾಗಿ ಹಿಡಿದು, ಬಿರಡೆಯನ್ನು ಅಲುಗಾಡಿಸದೆ ಬಾಟಲಿಯ ಬುಡವನ್ನು ನಿಧಾನವಾಗಿ ತಿರುಗಿಸಿದರೆ ಬಿರಡೆ ತಾನಾಗಿ ಮೇಲೇಳಲು ಹವಣಿಸುತ್ತದೆ. ಆಗ ಅದನ್ನು ಬಿಡದೆ ಎದುರು ಒತ್ತುತ್ತಿರಬೇಕು. ಕಡೆಗೆ ‘ಟಪ್’ ಎಂಬ ಸದ್ದಿನ ಬದಲು ‘ಸ್ಸ್’ ಎಂಬ ನಿಟ್ಟುಸಿರು ಕೇಳಿಸಿದರೆ ಒಂದು ಹನಿಯೂ ಚೆಲ್ಲಲಿಲ್ಲವೆಂದೇ ಅರ್ಥ. ಮಕ್ಕಳಿಗೆ ಇದರಿಂದ ನಿರಾಶೆಯಾಗುತ್ತದೆ, ಅದಕ್ಕೆ ನಾನು ಹೊಣೆಯಲ್ಲ. ಲೋಟಗಳನ್ನು ಸೋಪಿನ ಅಂಶ ಉಳಿಯದಂತೆ ಬಿಸಿನೀರಿನಲ್ಲಿ ಜಾಲಿಸಿರಬೇಕು, ಸೋಪಿನ ಜಿಡ್ಡು ನೊರೆಯನ್ನು ಕೊಲ್ಲುತ್ತದೆ.

ಬಿಳಿಯ ವೈನುಗಳಲ್ಲಿ ಹಬ್ಬದ ಮೇಜಿಗೆ ನನ್ನ ಮೊದಲ ಆಯ್ಕೆ ಜರ್ಮನಿಯ ಮೋಸೆಲ್ ಕಣಿವೆಯ ರೀಸ್ಲಿಂಗ್, ಅದರಲ್ಲೂ ‘ಕಾಬಿನೆಟ್’ ಎಂಬ ಹಗುರ ದರ್ಜೆಯದು. ನದಿಯ ಮೇಲಿನ ಕಡಿದಾದ ಕಪ್ಪುಕಲ್ಲಿನ ಇಳಿಜಾರುಗಳಲ್ಲಿ ಬೆಳೆದ ಈ ದ್ರಾಕ್ಷಿಯ ವೈನಿನಲ್ಲಿ ಎಷ್ಟೋ ಸಲ ಶೇಕಡ 8 ಅಥವಾ 9ರಷ್ಟು ಮಾತ್ರ ಮದ್ಯಸಾರ ಇರುತ್ತದೆ. ಅದರಲ್ಲಿ ಸಿಹಿ ಇದ್ದರೂ ಹುಳಿ ಅದಕ್ಕೆ ಸರಿಸಮನಾಗಿ ನಿಂತು ನಾಲಗೆಗೆ ಜಿಡ್ಡು ಹಿಡಿಯಲು ಬಿಡುವುದಿಲ್ಲ. ವೈನ್ ಎಂದರೆ ಮುಖ ಕಿವಿಚುತ್ತಿದ್ದ ನಮ್ಮ ದೊಡ್ಡಪ್ಪ ಅದರ ಮೊದಲ ಗುಟುಕಿಗೆ ಸುಮ್ಮನಿದ್ದು, ಎರಡನೆಯದಕ್ಕೆ, “ಏನಪ್ಪಾ ಇದು, ಸಿಹಿಯೂ ಇದೆ, ಹುಳಿಯೂ ಇದೆ, ಯಾವುದೂ ಜಾಸ್ತಿಯಿಲ್ಲ” ಎಂದು ಲೋಟವನ್ನು ಮುಂದಕ್ಕೆ ಚಾಚಿದರು. ಅದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಕೊಡಲಾರೆ. ಓಕ್ ಪೀಪಾಯಿಯಲ್ಲಿ ಬೆಳೆದ ಶಾರ್ಡನೇ ಬೆಣ್ಣೆಯ ಸಾಂದ್ರತೆಯದು. ಅದು ಒಂದು ಲೋಟಕ್ಕೆ ಸೊಗಸು, ಮೂರನೆಯ ಲೋಟಕ್ಕೆ ಭಾರ. ಓಕಿನ ಸೋಂಕು ಕಡಿಮೆಯಿರುವ, ಫ್ರಾನ್ಸಿನ ಶಾಬ್ಲಿ ಪ್ರದೇಶದ ಶಾರ್ಡನೇ ಸಿಕ್ಕರೆ ಅದನ್ನೇ ತರುತ್ತೇನೆ.

ವೈನನ್ನು ಹಾಳುಮಾಡುವುದರಲ್ಲಿ ಶಾಖದ ಪಾಲು ದೊಡ್ಡದು ಎಂಬುದು ಇಷ್ಟು ಕಾಲದ ಬಡಿಸುವಿಕೆಯಿಂದ ನನಗೆ ದೃಢವಾಗಿರುವ ಸಂಗತಿ. ನೊರೆವೈನ್ 6ರಿಂದ 8 ಡಿಗ್ರಿ ಸೆಲ್ಸಿಯಸ್, ಬಿಳಿಯ ವೈನ್ 8ರಿಂದ 12, ಹಗುರವಾದ ಕೆಂಪು ವೈನ್ 12ರಿಂದ 14, ಗಟ್ಟಿಯಾದ ಕೆಂಪು 16ರಿಂದ 18 ಡಿಗ್ರಿಯಲ್ಲಿರಬೇಕು. ಕೆಂಪು ವೈನನ್ನು ಕೋಣೆಯ ಶಾಖದಲ್ಲೇ ಕುಡಿಯಬೇಕೆಂಬ ಮಾತು ಚಳಿಗಾಲದ ಕಲ್ಲುಮನೆಗಳ ಕಾಲಕ್ಕೆ ಸರಿಯಾಗಿತ್ತು. ಜನ ತುಂಬಿ ಒಲೆ ಉರಿಯುತ್ತಿರುವ ಕೋಣೆಯಲ್ಲಿ ಅದು 25 ಡಿಗ್ರಿಗೇರಿ ಮದ್ಯಸಾರದ ಘಾಟು ಮಾತ್ರ ಮೂಗಿಗೆ ಹೊಡೆಯುತ್ತದೆ. ಆದ್ದರಿಂದ ಕೆಂಪು ಬಾಟಲಿಗಳನ್ನೂ ಬಡಿಸುವ ಅರ್ಧ ಗಂಟೆ ಮುಂಚೆ ಫ್ರಿಜ್‌ನಲ್ಲಿಡುತ್ತೇನೆ. ಅತಿಯಾಗಿ ತಣಿದದ್ದನ್ನು ಅಂಗೈಯಲ್ಲಿ ಲೋಟ ಹಿಡಿದು ಬೆಚ್ಚಗಾಗಿಸಬಹುದು, ಬೆಚ್ಚಗಾದದ್ದನ್ನು ಮೇಜಿನ ಬಳಿ ತಣಿಸುವುದು ಕಷ್ಟ. ಅವಸರವಿದ್ದರೆ ಬಕೆಟ್ಟಿನಲ್ಲಿ ಬರೀ ಐಸು ಹಾಕದೆ ಅರ್ಧ ನೀರು, ಅರ್ಧ ಐಸು, ಒಂದು ಹಿಡಿ ಉಪ್ಪು ಹಾಕಬೇಕು. ನೀರು ಬಾಟಲಿಯ ಸುತ್ತ ಸಂದಿಲ್ಲದಂತೆ ತಾಗುವುದರಿಂದಲೂ, ಉಪ್ಪು ನೀರಿನ ಶಾಖವನ್ನು ಸೊನ್ನೆಗಿಂತ ಕೆಳಗಿಳಿಸುವುದರಿಂದಲೂ ಇಪ್ಪತ್ತು ನಿಮಿಷದೊಳಗೆ ವೈನ್ ಸಿದ್ಧವಾಗುತ್ತದೆ.

ಮುಖ್ಯ ಊಟದ ಕೆಂಪು ವೈನಿಗೆ ನಾನು ಫ್ರಾನ್ಸಿನ ಬೋಜೊಲೇ ಪ್ರದೇಶದ ಗಮೇ ದ್ರಾಕ್ಷಿಯದನ್ನು ಅಥವಾ ಬರ್ಗಂಡಿ ಪ್ರದೇಶದ ಪಿನೋ ನ್ವಾರ್ ಆರಿಸುತ್ತೇನೆ. ಬೋಜೊಲೇ ಎಂದರೆ ನವೆಂಬರಿನಲ್ಲಿ ಬರುವ ಎಳೆಯ ವೈನೆಂದು ಹಲವರು ತಿಳಿದಿದ್ದಾರೆ. ಮೋರ್ಗೋನ್, ಫ್ಲರಿ ಮೊದಲಾದ ಅಲ್ಲಿಯ ಹತ್ತು ಹೆಸರಾಂತ ಗ್ರಾಮಪ್ರದೇಶಗಳ ವೈನು ಬೇರೆಯದೇ ಗುಣದ್ದು. ಹಕ್ಕಿಯ ಮಾಂಸಕ್ಕೂ ಹುರಿದ ತರಕಾರಿಗೂ ಈ ಎರಡು ಬಗೆಗಳು ಒಗ್ಗುವಷ್ಟು ಒಗರು ಹೆಚ್ಚಿರುವ ಕ್ಯಾಬರ್ನೆ ಸೊವಿನ್ಯೋನ್ ದ್ರಾಕ್ಷಿಯ ಎಳೆಯ ವೈನ್ ಒಗ್ಗುವುದಿಲ್ಲ. ದ್ರಾಕ್ಷಿಯ ಸಿಪ್ಪೆ ಮತ್ತು ಬೀಜಗಳಿಂದ ಬರುವ ಟ್ಯಾನಿನ್ ಎಂಬ ಒಗರು ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿ ಒಣಗಿಸುತ್ತದೆ. ಕೊಬ್ಬಿದ ಕೆಂಪು ಮಾಂಸ ಜೊತೆಗಿದ್ದರೆ ಅದರ ಬಿರುಸು ತಗ್ಗುತ್ತದೆ, ತೆಳುವಾದ ತಿನಿಸಿನ ಜೊತೆ ಒಗರೇ ಮೇಲುಗೈ ಸಾಧಿಸುತ್ತದೆ. ಬರ್ಗಂಡಿ ತರುವುದು ಜೇಬಿಗೆ ಎಟುಕದಿದ್ದಾಗ ಸ್ಪೇನಿನ ರಿಯೋಹಾ ಪ್ರದೇಶದ ‘ಗ್ರಾನ್ ರಿಸರ್ವಾ’ ಒಳ್ಳೆಯ ದಾರಿ. ಮಾರಾಟಕ್ಕೆ ಬರುವ ಮೊದಲು ಪೀಪಾಯಿಯಲ್ಲಿ ಕನಿಷ್ಠ 2 ವರ್ಷ ಸೇರಿದಂತೆ ಒಟ್ಟು 5 ವರ್ಷ ಮಾಗಿರಬೇಕೆಂಬ ನಿಯಮವಿರುವುದರಿಂದ, ಕಾಯುವ ಕೆಲಸವನ್ನು ಮಾಡಿದವರೇ ಮುಗಿಸಿರುತ್ತಾರೆ.

ಕಾದಿಟ್ಟ ಬಾಟಲಿಯ ವಿಷಯಕ್ಕೆ ಬರುತ್ತೇನೆ. ಅದು ಫ್ರಾನ್ಸಿನ ವಯಸ್ಸಾದ ಕೆಂಪು ಬೋರ್ಡೋ ಇರಬಹುದು, ಇಟಲಿಯ ಕೆಂಪು ಬರೋಲೋ ಇರಬಹುದು. ಒಂದು ವರ್ಷ ಸ್ನೇಹಿತರೊಬ್ಬರು 2005ರ ಬೋರ್ಡೋ ತಂದಿದ್ದರು. ಹಳೆಯ ಕೆಂಪು ವೈನಿನಲ್ಲಿ ಬಣ್ಣವೂ ಒಗರೂ ಒಂದಕ್ಕೊಂದು ಅಂಟಿ ಗಸಿಯಾಗಿ ಇಳಿದಿರುತ್ತವೆ. ಆದ್ದರಿಂದ ಮಲಗಿಸಿಟ್ಟ ಬಾಟಲಿಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸುತ್ತೇನೆ, ಗಸಿ ತಳಕ್ಕೆ ಕೂರುತ್ತದೆ. ಹಳೆಯ ಬಿರಡೆ ಕಾರ್ಕ್‌ಸ್ಕ್ರೂವಿಗೆ ಪುಡಿಯಾಗುವುದುಂಟು. ಎರಡು ತೆಳು ಅಲಗುಗಳಿರುವ ಸಾಧನವನ್ನು ಬಿರಡೆಯ ಇಕ್ಕೆಲಗಳಲ್ಲಿ ತೂಗಾಡಿಸುತ್ತ ಇಳಿಸಿ, ತಿರುಚುತ್ತ ಎಳೆದರೆ ಬಿರಡೆ ಇಡಿಯಾಗಿ ಬರುತ್ತದೆ. ಬಳಿಕ ಬಾಟಲಿಯ ಕೊರಳ ಕೆಳಗೊಂದು ದೀಪ ಇಟ್ಟುಕೊಂಡು, ಕೈ ನಡುಗಿಸದೆ, ನಡುವೆ ನಿಲ್ಲಿಸದೆ ಗಾಜಿನ ಹೂಜಿಗೆ ಬಗ್ಗಿಸಬೇಕು. ಮೊದಲು ಬೆಳಕಿನಲ್ಲಿ ತಿಳಿಯಾದ ಇಟ್ಟಿಗೆಗೆಂಪು ಹರಿಯುತ್ತದೆ. ಕಡೆಯ ಎರಡು ಬೆರಳಷ್ಟು ಉಳಿದಾಗ ಬಾಟಲಿಯ ಭುಜದ ತಿರುವಿನಿಂದ ಗಸಿಯ ಹೊಗೆಯಂಥ ಎಳೆಯೊಂದು ಕೊರಳಿನ ಕಡೆಗೆ ತೆವಳಿ ಬರುವುದು ಕಾಣಿಸುತ್ತದೆ. ಕೈ ಎತ್ತಬೇಕಾದದ್ದು ಆಗಲೇ. ಎಳೆಯ ಬರೋಲೋ ಹೂಜಿಯಲ್ಲಿ ಎರಡು ಗಂಟೆ ಗಾಳಿಯಾಡಿದರೆ ಮೆದುವಾಗುತ್ತದೆ, ತೀರ ಹಳೆಯ ವೈನಿನ ಪರಿಮಳ ಮಾತ್ರ ಅರ್ಧ ಗಂಟೆಯಲ್ಲೇ ಹಾರಿಹೋಗಬಹುದು. ಅದನ್ನು ಕುಡಿಯುವ ಹೊತ್ತಿಗೇ ಬಗ್ಗಿಸುವುದು ಲೇಸು.

ಬಡಿಸುವ ಮೊದಲು ಒಂದು ಗುಟುಕು ನಾನೇ ಮೂಸಿ ನೋಡುತ್ತೇನೆ. ಒದ್ದೆಯಾದ ರಟ್ಟಿನ ವಾಸನೆ ಬಂದರೆ ಬಿರಡೆಯಿಂದ ಟಿಸಿಎ ಎಂಬ ರಾಸಾಯನಿಕ ವೈನಿಗೆ ಸೇರಿದೆ ಎಂದು ತಿಳಿಯಬೇಕು. ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಅದು ಹಣ್ಣಿನ ಪರಿಮಳವನ್ನೆಲ್ಲ ಮುಚ್ಚಿಹಾಕುತ್ತದೆ. ಎಷ್ಟು ಗಾಳಿಯಾಡಿಸಿದರೂ ಹೋಗುವುದಿಲ್ಲ. ಕಾದಿಟ್ಟ ಬಾಟಲಿಗೆ ಜೊತೆಯಾಗಿ ಇನ್ನೊಂದನ್ನು ತೆಗೆದಿಡುವುದು ಈ ಕಾರಣಕ್ಕೆ.

ಊಟದ ಕೊನೆಗೆ ಬರುವ ಒಣಹಣ್ಣಿನ ಕೇಕಿನ ಜೊತೆ ಸಿಹಿಯಿಲ್ಲದ ವೈನ್ ಕುಡಿದರೆ ವೈನ್ ಬರೀ ಹುಳಿಯಾಗಿ ತೋರುತ್ತದೆ; ವೈನ್ ಕೇಕಿನಷ್ಟಾದರೂ ಸಿಹಿಯಾಗಿರಬೇಕು. ಇಲ್ಲಿ ಪೋರ್ಚುಗಲ್ಲಿನ ಸಿಹಿಯಾದ ಪೋರ್ಟ್ ವೈನಿನ ಸರದಿ. ದ್ರಾಕ್ಷಿರಸ ಹುದುಗುತ್ತಿರುವಾಗಲೇ ದ್ರಾಕ್ಷಿಯ ಸ್ಪಿರಿಟ್ ಬೆರೆಸಿ ಯೀಸ್ಟನ್ನು ತಡೆಯುವುದರಿಂದ ಸಕ್ಕರೆ ಉಳಿಯುತ್ತದೆ, ಮದ್ಯಸಾರ ಶೇಕಡ 20ರ ಆಸುಪಾಸಿಗೇರುತ್ತದೆ. ಕಡುಗೆಂಪಿನ ವಿಂಟೇಜ್ ಪೋರ್ಟ್ ನೀಲಿ ಎಳೆಗಳ ಸ್ಟಿಲ್ಟನ್ ಚೀಸಿಗೆ ಜೋಡಿ ಎಂದು ಇಂಗ್ಲಿಷರು ನಂಬುತ್ತಾರೆ, ಆ ನಂಬಿಕೆಯಲ್ಲಿ ಹುರುಳಿದೆ. ಆದರೆ ಕೇಕಿಗೂ ಬೀಜಗಳಿಗೂ ಪೀಪಾಯಿಯಲ್ಲಿ ದೀರ್ಘಕಾಲ ಮಾಗಿದ ಟಾನಿ ಪೋರ್ಟ್ ನನಗೆ ಹೆಚ್ಚು ಇಷ್ಟ. ಅದನ್ನು ತುಸು ತಣಿಸಿ, ಸಣ್ಣ ಲೋಟದಲ್ಲಿ ಕೊಡಬೇಕು. ಬೊಟ್ರೈಟಿಸ್ ಬೂಷ್ಟು ಹಿಡಿದು ಸುಕ್ಕಾದ ದ್ರಾಕ್ಷಿಯಿಂದ ಬರುವ, ಫ್ರಾನ್ಸಿನ ಸೊಟೆರ್ನ್ ಎಂಬ ಸಿಹಿ ವೈನ್ ಕೇಕಿಗಿಂತ ನೀಲಿ ಚೀಸಿಗೆ ಸರಿಹೋಗುತ್ತದೆ.

ಉಳಿಕೆಯನ್ನು ಚೆಲ್ಲುವ ಅಗತ್ಯ ಅಪರೂಪ. ಕೆಂಪು, ಬಿಳಿ ಎನ್ನದೆ ಉಳಿದ ವೈನನ್ನು ಸಣ್ಣ ಬಾಟಲಿಗೆ ಕಂಠಮಟ್ಟ ತುಂಬಿ ಫ್ರಿಜ್‌ನಲ್ಲಿಟ್ಟರೆ ಮೂರು ದಿನ ತಾಳುತ್ತದೆ. ಇನ್ನೂ ಉಳಿದ ಕೆಂಪು ವೈನಿಗೆ ದಾಲ್ಚಿನ್ನಿ, ಲವಂಗ, ಕಿತ್ತಳೆಯ ಸಿಪ್ಪೆ, ಸಕ್ಕರೆ ಹಾಕಿ ಬಿಸಿ ಮಾಡುತ್ತೇನೆ. ಮದ್ಯಸಾರ 78 ಡಿಗ್ರಿಗೇ ಕುದಿಯುವುದರಿಂದ ಪಾತ್ರೆಯಲ್ಲಿ ಆವಿಯೇಳುತ್ತಲೇ ಉರಿ ತಗ್ಗಿಸಬೇಕು. ಟಾನಿ ಪೋರ್ಟ್ ವಾರಗಟ್ಟಲೆ ಕೆಡುವುದಿಲ್ಲ, ಮಾಡುವಾಗಲೇ ಕಾಯಿಸಿ ಗಾಳಿಗೊಡ್ಡಿದ ಮದೀರಾ ವೈನ್ ತಿಂಗಳುಗಟ್ಟಲೆ ಇರುತ್ತದೆ. ಉಳಿದ ನೊರೆವೈನಿನ ಬಾಯಿಗೆ ಲೋಹದ ಚಮಚ ಇಳಿಬಿಡುವ ಪದ್ಧತಿಯೊಂದಿದೆ. ಅದರಿಂದ ಏನೂ ಆಗುವುದಿಲ್ಲ, ಗುಳ್ಳೆಗಳನ್ನು ಹಿಡಿದಿಡುವುದು ಫ್ರಿಜ್‌ನ ತಂಪು. ಬಿಗಿಯಾಗಿ ಕಚ್ಚಿಕೊಳ್ಳುವ ಮುಚ್ಚಳ ಹಾಕಿ, ಮರುದಿನ ಮಧ್ಯಾಹ್ನದೊಳಗೆ ಕುಡಿದು ಮುಗಿಸುತ್ತೇವೆ.